ಕೊಟ್ರ, ಕೊಟ್ರಪ್ಪ, ಕೊಟ್ರೇಶ

ತಂಬ್ರಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಕೊಟ್ರೇಶಾ’ ಎಂದು ಒಮ್ಮೆ ಜೋರಾಗಿ ಕೂಗಿದರೆ ಚಹಾದಂಗಡಿಯಿಂದ ಒಬ್ಬ, ಗೊಬ್ಬರದಂಗಡಿಯ ಮುಂದಿನಿಂದ ಇನ್ನೊಬ್ಬ, ನಿಂತ ಬಸ್ಸಿನ ಕಿಟಕಿಯಿಂದ ಮತ್ತೊಬ್ಬ ತಿರುಗಿ ನೋಡುತ್ತಾರೆ. ‘ಯಾವ ಕೊಟ್ರೇಶನಪಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇದೇ ಹೆಸರನ್ನು ಬೆಂಗಳೂರಿನ ಕಾಲೇಜಿನ ಕಚೇರಿಯಲ್ಲಿ ನಾನು ಮೊದಲ ಸಲ ಹೇಳಿದಾಗ ಗುಮಾಸ್ತರು ಪೆನ್ನು ನಿಲ್ಲಿಸಿ, ‘ಕೋಟೇಶ್ವರನಾ? ಕುಂದಾಪುರದ ಕಡೆಯವರಾ?’ ಎಂದು ಕೇಳಿದ್ದರು. ಅಲ್ಲ ಸಾರ್, ಕೊಟ್ರೇಶ ಎಂದೆ. ಅವರು ಅದನ್ನು ಬರೆದುಕೊಂಡದ್ದು ತಪ್ಪಾಗಿಯೇ.

ಒಂದು ಹೆಸರು ನಾಲ್ಕೈದು ತಾಲ್ಲೂಕುಗಳಲ್ಲಿ ಮನೆಗೊಂದರಂತೆ ಇದ್ದು, ಅದರಾಚೆ ಹೋದರೆ ಅಪರೂಪವಾಗಿಬಿಡುವುದು ಹೇಗೆ? ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ವರ್ಷವರ್ಷವೂ ಹಾಜರಿ ಕೂಗುತ್ತ ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ಬಂದೆ.

ಹೆಸರಿನ ಮೂಲ ಕಷ್ಟದ್ದೇನಲ್ಲ. ಕೊಟ್ಟೂರಿನ ಗುರು ಬಸವೇಶ್ವರ ನಮ್ಮ ಕಡೆಯವರಿಗೆ ಕೊಟ್ಟೂರೇಶ್ವರ. ಆಡುವ ನಾಲಿಗೆಗೆ ನಡುವಿನ ದೀರ್ಘ ಸ್ವರ ಭಾರ. ‘ಕೊಟ್ಟೂರೇಶ’ದ ‘ಊ’ ಬಿದ್ದುಹೋಯಿತು, ಉಳಿದದ್ದು ‘ಕೊಟ್ರೇಶ’. ಹಾಗೆಯೇ ಕೊಟ್ಟೂರಪ್ಪ ಕೊಟ್ರಪ್ಪನಾದ, ಕೊಟ್ಟೂರಮ್ಮ ಕೊಟ್ರಮ್ಮಳಾದಳು. ಬೆಂಗಳೂರು ಬೆಂಗ್ಳೂರಾಗುವುದು, ತಂಬ್ರಹಳ್ಳಿ ತಂಬ್ರಳ್ಳಿಯಾಗುವುದು ಇದೇ ಹಾದಿಯಲ್ಲಿ. ವ್ಯಾಕರಣ ಇಷ್ಟೆ. ಆದರೆ ಗಮನಿಸಿ: ಶಿವಪ್ಪ, ಬಸಪ್ಪ ಎನ್ನುವಲ್ಲಿ ದೇವರ ಹೆಸರು ಮಾತ್ರ ಇದೆ. ಕೊಟ್ರೇಶ ಎನ್ನುವಲ್ಲಿ ದೇವರಿಗಿಂತ ಮೊದಲು ಒಂದು ಊರಿದೆ.

ಆ ಊರಿನ ಹೆಸರಿಗೂ ಒಂದು ಕಥೆಯಿದೆ. ಊರಿಗೆ ಮೊದಲು ಶಿಖಾಪುರ ಎಂಬ ಹೆಸರಿತ್ತು, ಅಲ್ಲಿದ್ದ ವೀರಭದ್ರ ತನ್ನ ಜಾಗವನ್ನು ಗುರು ಬಸವೇಶ್ವರನಿಗೆ ಬಿಟ್ಟುಕೊಟ್ಟ, ಹಾಗೆ ‘ಕೊಟ್ಟ ಊರು’ ಕೊಟ್ಟೂರಾಯಿತು ಎನ್ನುತ್ತಾರೆ ಭಕ್ತರು. ಭಾಷೆಯ ದಾರಿ ಹಿಡಿದು ಹೋದರೆ ಬೇರೆ ಅರ್ಥ ಸಿಗುತ್ತದೆ. ‘ಕೊಟ್ಟ’ ಎಂದರೆ ಕೋಟೆ; ಕೋಟೆಯಿದ್ದ ಊರು ಕೊಟ್ಟೂರು. ಈ ಹೆಸರಿನ ಊರುಗಳು ದಕ್ಷಿಣದಲ್ಲೆಲ್ಲ ಇವೆ. ನಾಲ್ಕನೆಯ ಶತಮಾನದ ಸಮುದ್ರಗುಪ್ತನ ಅಲಹಾಬಾದ್ ಸ್ತಂಭಶಾಸನದಲ್ಲಿ, ಅವನು ಗೆದ್ದ ದಕ್ಷಿಣದ ಅರಸರ ಪಟ್ಟಿಯಲ್ಲಿ ಕೊಟ್ಟೂರದ ಸ್ವಾಮಿದತ್ತ ಎಂಬವನಿದ್ದಾನೆ. ಅದು ನಮ್ಮ ಕೊಟ್ಟೂರಲ್ಲ, ಪೂರ್ವ ಕರಾವಳಿಯ ಕಡೆಯದು. ಅಷ್ಟು ಕೊಟ್ಟೂರುಗಳಿದ್ದರೂ ಹೀಗೆ ಮನೆಮನೆಯ ಮಕ್ಕಳ ಹೆಸರಾಗಿ ಹಬ್ಬಿದ್ದನ್ನು ನಾನು ಕಂಡದ್ದು ಈ ಕೊಟ್ಟೂರಿನ ಸುತ್ತ ಮಾತ್ರ.

ಹೀಗೆ ಊರನ್ನು ಹೊತ್ತ ಹೆಸರು ನಮ್ಮ ಸೀಮೆಯಲ್ಲಿ ಇದೊಂದೇ ಅಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಿಂದ ಮೈಲಾರಪ್ಪ, ಕುರುವತ್ತಿಯಿಂದ ಕುರುವತ್ತೆಪ್ಪ, ಉಜ್ಜಿನಿಯಿಂದ ಉಜ್ಜಿನಪ್ಪ, ಹೊಳೆಯಾಚೆಯ ಹುಲಿಗಿಯಿಂದ ಹುಲಿಗೆಮ್ಮ, ಹುಲುಗಪ್ಪ, ಹಂಪಿಯಿಂದ ಹಂಪಯ್ಯ, ಹಂಪಮ್ಮ. ಹರಪನಹಳ್ಳಿ ಕಡೆ ಹೋದಂತೆ ಕೂಲಹಳ್ಳಿಯ ಗೋಣಿಬಸವೇಶ್ವರನಿಂದ ಗೋಣಿಬಸಪ್ಪಗಳು ಹೆಚ್ಚುತ್ತಾರೆ. ನಾಯಕನಹಟ್ಟಿ ಹತ್ತಿರವಾದಂತೆ ತಿಪ್ಪೇಸ್ವಾಮಿ, ತಿಪ್ಪೇಶ. ನಮ್ಮೂರಿನಲ್ಲಿ ಬಂಡೆ ರಂಗನಾಥನಿಗೆ ನಡೆದುಕೊಳ್ಳುವ ಮನೆಗಳಲ್ಲಿ ರಂಗಪ್ಪ, ರಂಗಮ್ಮ. ಶಾಲೆಯ ಹಾಜರಿ ಪುಸ್ತಕ ನೋಡಿ ಯಾವ ಜಾತ್ರೆಗೆ ಯಾವ ಮನೆಯವರು ಬಂಡಿ ಕಟ್ಟುತ್ತಿದ್ದರು ಎಂದು ಹೇಳಬಹುದಿತ್ತು.

ಸರ್ಕಾರದ ಗಡಿಗಳು ಈ ನಡುವೆ ಬಹಳ ಸಲ ಬದಲಾದವು. ಮದ್ರಾಸ್ ಪ್ರಾಂತ್ಯದಲ್ಲಿದ್ದ ನಾವು 1953ರ ಅಕ್ಟೋಬರ್ 1ರಂದು ಬಳ್ಳಾರಿಯೊಂದಿಗೆ ಮೈಸೂರು ರಾಜ್ಯಕ್ಕೆ ಸೇರಿದೆವು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಆಮೇಲೆ ಬಳ್ಳಾರಿಗೆ ಮರಳಿತು. 2021ರಲ್ಲಿ ಎಲ್ಲರೂ ವಿಜಯನಗರ ಜಿಲ್ಲೆಯವರಾದೆವು. ಕೊಟ್ರೇಶರ ಸೀಮೆ ಮಾತ್ರ ಇದ್ದಲ್ಲೇ ಇತ್ತು. ಅದರ ಗಡಿಯನ್ನು ಹಾಕಿದ್ದು ಕೊಟ್ಟೂರಿನ ತೇರು. ಮಾಘ ಮಾಸ ಮುಗಿಯುವ ಹೊತ್ತಿಗೆ ಎಲ್ಲೆಲ್ಲಿಂದ ಜನ ನಡೆದು ಆ ತೇರಿಗೆ ಬರುತ್ತಾರೋ ಅಲ್ಲಲ್ಲಿ ಈ ಹೆಸರಿದೆ. ದಾವಣಗೆರೆಯಿಂದ ಇಂದಿಗೂ ಸಾವಿರಾರು ಜನ ಪಾದಯಾತ್ರೆಯಲ್ಲಿ ಬರುತ್ತಾರೆ, ದಾವಣಗೆರೆಯಲ್ಲೂ ಕೊಟ್ರೇಶರಿದ್ದಾರೆ.

ಹೆಸರು ಇಷ್ಟು ಹಬ್ಬಲು ಹರಕೆಯೇ ಕಾರಣ. ಮಕ್ಕಳಾಗದವರು, ಆದ ಮಕ್ಕಳು ಉಳಿಯದವರು ಕೊಟ್ಟೂರಿಗೆ ನಡೆದುಕೊಳ್ಳುತ್ತಿದ್ದರು. ಕೊಟ್ಟೂರಿನಲ್ಲಿ ಹಿರೇಮಠ, ಗಚ್ಚಿನಮಠ ಇರುವಂತೆ ತೊಟ್ಟಿಲುಮಠವೂ ಇದೆ. ಕೂಸು ಉಳಿದರೆ ನಿನ್ನ ಹೆಸರೇ ಇಡುತ್ತೇವೆ ಎಂಬ ಮಾತು ಎಲ್ಲ ಜಾತಿಯ ಮನೆಗಳಲ್ಲೂ ನಡೆಯುತ್ತಿತ್ತು. ಹಾಗಾಗಿ ಹೆಸರು ಯಾರೊಬ್ಬರ ಸ್ವತ್ತೂ ಆಗಲಿಲ್ಲ.

ಆದರೆ ಹೆಸರು ಒಂದೇ ಆದರೂ ಅದರ ಬಾಲ ಒಂದೇ ಆಗಿರಲಿಲ್ಲ. ನನಗೆ ಹೇಳಬೇಕೆನಿಸಿದ್ದು ಇದನ್ನೇ. ಮಠದ ಅಯ್ಯನವರ ಮನೆಯಲ್ಲಿ ಹುಟ್ಟಿದವನು ಕೊಟ್ರಯ್ಯ. ಹೊಲಮನೆಯುಳ್ಳವನು ಕೊಟ್ರಪ್ಪ, ಕೊಟ್ರಬಸಪ್ಪ. ಗೌಡಿಕೆಯ ಮನೆಯವನು ಕೊಟ್ರಗೌಡ. ಕೂಲಿಗೆ ಬರುವವನು, ಜೀತಕ್ಕಿರುವವನು ಬರೀ ಕೊಟ್ರ. ಒಂದೇ ದೇವರಿಗೆ ಹೊತ್ತ ಹರಕೆ, ಒಂದೇ ತೇರಿಗೆ ಎಸೆದ ಬಾಳೆಹಣ್ಣು. ಊರಿಗೆ ಬಂದ ಮೇಲೆ ಕರೆಯುವ ಬಗೆ ಬೇರೆ. ತಮಾಷೆಯೆಂದರೆ, ಪರಿಶಿಷ್ಟ ಜಾತಿಯ ಮುತ್ತೈದೆಯೊಬ್ಬಳು ಉಪವಾಸವಿದ್ದು ಆರತಿ ಬೆಳಗದೆ ಕೊಟ್ಟೂರಿನ ತೇರು ಮುಂದೆ ಸಾಗುವುದಿಲ್ಲ. ದೇವರಿಗೆ ಬೇಕಾದ ಆ ಕೇರಿಯ ಕೈ, ಮರುದಿನ ಊರ ಬಾವಿಯ ಹಗ್ಗಕ್ಕೆ ಬೇಡವಾಗಿತ್ತು.

ನನ್ನ ಅಜ್ಜ ಬರೀ ಕೊಟ್ರ. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಅವನು ದುಡಿಯುತ್ತಿದ್ದ ಹೊಲದ ಒಡೆಯರು ಕೊಟ್ರಗೌಡರು. ‘ಇಬ್ಬರ ಹೆಸರೂ ಒಂದೇ ಇತ್ತಂತೆ, ಹೌದೇನಜ್ಜಿ?’ ಎಂದು ಚಿಕ್ಕವನಿದ್ದಾಗ ಒಮ್ಮೆ ಕೇಳಿದೆ. ಅಜ್ಜಿ, ‘ಎಲ್ಲಿ ಒಂದ ಆತಪಾ? ಅವರ್ನ ಕರದ್ರ ಹೊರಗ ಬರ್ತಿದ್ರು, ನಿಮ್ಮಜ್ಜನ್ನ ಕರದ್ರ ಓಡಿ ಹೋಗ್ತಿದ್ದ’ ಎಂದಳು. ಹೆಸರುಗಳ ಬಗ್ಗೆ ಆಮೇಲೆ ನಾನು ಓದಿದ ಯಾವ ಪುಸ್ತಕವೂ ಇದಕ್ಕಿಂತ ಹೆಚ್ಚಿನದನ್ನು ಹೇಳಲಿಲ್ಲ.

ಅಜ್ಜನ ಹೆಸರನ್ನು ನನಗಿಟ್ಟರು. ಇದರಿಂದ ಅಜ್ಜಿಗೊಂದು ತೊಡಕಾಯಿತು. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಹಾಗಿಲ್ಲ. ಸಾಯುವತನಕ ಅವಳು ನನ್ನನ್ನು ಹೆಸರಿಡಿದು ಕರೆಯಲಿಲ್ಲ. ಅವಳಿಗೆ ನಾನು ‘ಅಜ್ಜಪ್ಪ’. ಕೊಟ್ಟೂರಿಗೆ ಹೋಗಬೇಕಾದಾಗಲೂ ಅವಳು ಊರಿನ ಹೆಸರೆತ್ತದೆ ‘ತೇರಿನೂರಿಗೆ’ ಎನ್ನುತ್ತಿದ್ದಳು.

ಶಾಲೆಗೆ ಸೇರಿಸಲು ಅಪ್ಪ ಕರೆದುಕೊಂಡು ಹೋದ ದಿನ ಮೇಷ್ಟ್ರು ಹೆಸರು ಕೇಳಿದರು. ಅಪ್ಪ ‘ಕೊಟ್ರ’ ಅಂದ. ಮೇಷ್ಟ್ರು ನನ್ನನ್ನೊಮ್ಮೆ ನೋಡಿ, ಏನೂ ಹೇಳದೆ ‘ಕೊಟ್ರೇಶ’ ಎಂದು ಬರೆದರು. ಆ ಕಾಲದಲ್ಲಿ ಎಷ್ಟೋ ಶಾಲೆಗಳಲ್ಲಿ ಹೀಗೇ ಆಗಿದೆ. ಈ ‘ಈಶ’ ಎಂಬ ಬಾಲಕ್ಕೆ ಗೌಡಿಕೆಯೂ ಇಲ್ಲ, ಜೀತವೂ ಇಲ್ಲ. ಕೊಟ್ರಪ್ಪನ ಮಗನೂ ಕೊಟ್ರನ ಮಗನೂ ಒಂದೇ ಬೆಂಚಿನಲ್ಲಿ ಕೊಟ್ರೇಶರಾಗಿ ಕುಳಿತರು. ನಮ್ಮ ತರಗತಿಯಲ್ಲಿ ಮೂವರಿದ್ದೆವು. ಗುರುತಿಗಾಗಿ ಉದ್ದನ ಕೊಟ್ರೇಶ, ಗಿಡ್ಡ ಕೊಟ್ರೇಶ, ನಾನು ಕರಿ ಕೊಟ್ರೇಶ. ಬಣ್ಣ, ಎತ್ತರ ನೋಡಿ ಕರೆದರೇ ಹೊರತು ಮನೆ ನೋಡಿ ಅಲ್ಲ. ಹೆಸರು ಜನಪ್ರಿಯವಾಯಿತು ಎನ್ನುವಾಗ ನಾವು ಎಣಿಕೆಯನ್ನಷ್ಟೇ ನೋಡುತ್ತೇವೆ. ಅದರೊಳಗೆ ಇಂಥ ಸದ್ದಿಲ್ಲದ ಬಡ್ತಿಗಳೂ ಇರುತ್ತವೆ.

ಈ ಹೆಸರನ್ನು ನಾಡಿಗೆಲ್ಲ ಕೇಳಿಸಿದವರು ಕೊಟ್ಟೂರಿನವರೇ ಆದ ಕುಂ. ವೀರಭದ್ರಪ್ಪ. ಅವರ ಕಥೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ್ 1994ರಲ್ಲಿ ‘ಕೊಟ್ರೇಶಿ ಕನಸು’ ಸಿನಿಮಾ ಮಾಡಿದರು. ಓದಬೇಕೆಂಬ ದಲಿತ ಹುಡುಗನ ಕಥೆ ಅದು. ಹುಡುಗನ ಪಾತ್ರ ಮಾಡಿದ ವಿಜಯ ರಾಘವೇಂದ್ರ ಅವರಿಗೆ ಬಾಲನಟನ ರಾಷ್ಟ್ರಪ್ರಶಸ್ತಿ ಬಂತು. ಆಗ ನಾನು ಮೇಷ್ಟ್ರಾಗಿದ್ದೆ. ನಮ್ಮ ಹೆಸರು ಪೋಸ್ಟರಿನ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ ಬಂದದ್ದನ್ನು ಕಂಡು ಹುಡುಗರು ಕುಣಿದಿದ್ದರು. ಕೊಟ್ರ ಎಂಬ ಹುಡುಗ ಶಾಲೆಗೆ ಹೋಗಲು ಪಟ್ಟ ಪಾಡು ನನಗೆ ಸಿನಿಮಾ ಅನ್ನಿಸಲಿಲ್ಲ.

ಆದರೆ ಈ ಹೆಸರನ್ನು ಮೊದಲು ಕೈಬಿಟ್ಟವನೂ ನಾನೇ ಎಂದು ಒಪ್ಪಿಕೊಳ್ಳಬೇಕು. ಬೆಂಗಳೂರಿನ ಹಾಸ್ಟೆಲಿನಲ್ಲಿ ಪ್ರತಿ ಸಲ ಬಿಡಿಸಿ ಹೇಳುವುದು ಬೇಸರವಾಗಿ, ‘ಈಶ ಅನ್ನಿ ಸಾಕು’ ಎಂದುಬಿಟ್ಟೆ. ಗೆಳೆಯರು ಇಂದಿಗೂ ಈಶ ಎಂದೇ ಕರೆಯುತ್ತಾರೆ. ನಾನು ಕತ್ತರಿಸಿ ಹಾಕಿದ್ದು ಕೊಟ್ಟೂರನ್ನು, ಅದರ ಜೊತೆಗೆ ಅಜ್ಜನನ್ನು. ಮೇಷ್ಟ್ರು ಸೇರಿಸಿದ ಬಾಲವಷ್ಟೇ ಉಳಿಯಿತು.

ಹೋದ ವರ್ಷ ಬೆಂಗಳೂರಿನಲ್ಲಿರುವ ಮಗಳಿಗೆ ಗಂಡು ಮಗುವಾಯಿತು. ಯಾರಿಗೂ ಇಲ್ಲದ ಹೆಸರು ಬೇಕು ಎಂದು ಗಂಡಹೆಂಡತಿ ತಿಂಗಳುಗಟ್ಟಲೆ ಮೊಬೈಲಿನಲ್ಲಿ ಹುಡುಕಿದರು. ಬೆಂಗಳೂರಿನಲ್ಲಿ ಯಾರಿಗೂ ಇಲ್ಲದ ಹೆಸರು ನನ್ನದೇ ಇದೆಯಲ್ಲ ಎಂದು ತುದಿನಾಲಿಗೆಯವರೆಗೆ ಬಂದದ್ದನ್ನು ನುಂಗಿಕೊಂಡೆ. ಕೊನೆಗೆ ಮಗಳು ಫೋನು ಮಾಡಿ, ‘ಅಪ್ಪಾಜಿ, ಇಶಾನ್ ಅಂತ ಇಡ್ತಾ ಇದೀವಿ. ನಿಮ್ಮ ಹೆಸರೂ ಬಂದಂಗಾಯ್ತು’ ಎಂದಳು. ಅವಳು ಪ್ರೀತಿಯಿಂದಲೇ ಹೇಳಿದ್ದಳು. ಬಹಳ ಒಳ್ಳೆಯ ಹೆಸರು ಅಂದೆ.

ಹೆಸರಿಡುವ ದಿನ ತೊಟ್ಟಿಲ ಸುತ್ತ ಸೇರಿದ ಹೆಂಗಸರು ಕೂಸಿನ ಕಿವಿಯಲ್ಲಿ ಇಶಾನ್ ಎಂದು ಮೂರು ಸಲ ಕೂಗಿದರು. ಊರಿನಿಂದ ಬಂದಿದ್ದ ನನ್ನ ಅಕ್ಕ ಎಲ್ಲರೂ ಊಟಕ್ಕೆ ಎದ್ದ ಮೇಲೆ ತೊಟ್ಟಿಲ ಬಳಿ ಬಗ್ಗಿ ಏನೋ ಹೇಳಿದಳು. ‘ಏನಂದೆವ್ವಾ?’ ಎಂದು ಕೇಳಿದೆ. ‘ಏನಿಲ್ಲಪಾ, ಹಳೇದೂ ಒಂದ್ ಸಲ ಕೇಳಿಸಿಕೊಳ್ಳಲಿ ಅಂತ’ ಎಂದಳು.

ಈ ಸಲ ತೇರಿಗೆ ಮಗುವನ್ನು ಕರೆತರುತ್ತೇನೆಂದು ಮಗಳು ಹೇಳಿದ್ದಾಳೆ. ಕೊಟ್ಟೂರಿನ ಜನಸಂದಣಿಯಲ್ಲಿ ಯಾರಾದರೂ ‘ಕೊಟ್ರೇಶಾ’ ಎಂದು ಕೂಗಿದರೆ ಅವನು ತಿರುಗಿ ನೋಡುವುದಿಲ್ಲ. ಅವನನ್ನು ಎತ್ತಿಕೊಂಡ ನಾನು ನೋಡುತ್ತೇನೆ.