ಜಿಪ್ ಡ್ರೈವಿನ ಟಿಕ್ ಟಿಕ್ ಸದ್ದು: ಡಿಟಿಪಿ ಅಂಗಡಿಯ ಅಟ್ಟದಲ್ಲಿರುವ ನಮ್ಮೂರ ಚರಿತ್ರೆ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಯಿತು. ಚಿತ್ರದುರ್ಗದಿಂದ ಜಗಳೂರು ಬಂತು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು. ನ್ಯಾಮತಿ ಆಗ ಹೊನ್ನಾಳಿಯ ಒಳಗೇ ಇತ್ತು, ತಾಲ್ಲೂಕಾಗಲು ಇನ್ನೂ ಇಪ್ಪತ್ತು ವರ್ಷ ಕಾಯಬೇಕಿತ್ತು. ಜಿಲ್ಲೆಯ ಗಡಿ ಬದಲಾದ ಆ ಕಾಲದಲ್ಲೇ ಅಚ್ಚಿನ ಮನೆಯೂ ಬದಲಾಗುತ್ತಿತ್ತು. ಒಂದೊಂದೇ ಮೊಳೆ ಜೋಡಿಸುತ್ತಿದ್ದ ಪ್ರೆಸ್‌ಗಳು ಬಾಗಿಲು ಹಾಕಿ, ತಾಲ್ಲೂಕು ಕೇಂದ್ರಗಳಲ್ಲಿ ಡಿಟಿಪಿ ಸೆಂಟರ್ ಬೋರ್ಡು ಏಳುತ್ತಿದ್ದವು.

ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಹೈಸ್ಕೂಲಿನ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಸೊಸೈಟಿಯ ವಾರ್ಷಿಕ ವರದಿ ಎಲ್ಲ ಅಲ್ಲಿ ಟೈಪ್ ಆಗುತ್ತಿತ್ತು. ಊರಿನ ಹಿರಿಯ ಮೇಷ್ಟ್ರು ಬರೆದ ಕೆರೆಯ ಕತೆ, ದೇವಸ್ಥಾನದ ಕತೆ, ಮೊದಲ ಬಸ್ಸು ಬಂದ ಕತೆ ಇಂಥ ಸಂಚಿಕೆಯಲ್ಲೇ ಅಚ್ಚಾಗುತ್ತಿದ್ದವು, ಬೇರೆಲ್ಲೂ ಅಲ್ಲ. ಅಚ್ಚಾಗುತ್ತಿದ್ದ ಪ್ರತಿಗಳೇ ಕೆಲವು ನೂರು. ಅದರಲ್ಲಿ ಗೆದ್ದಲು ತಿಂದದ್ದು ಹೋಗಿ ಎಷ್ಟು ಉಳಿದಿರಬಹುದು ನೀವೇ ಲೆಕ್ಕ ಹಾಕಿ. ಮೂಲ ಬರಹ ಇನ್ನೂ ಇದ್ದರೆ ಅದು ಡಿಸ್ಕಿನಲ್ಲಿದೆ.

ಸಾಮಾನ್ಯ ಫ್ಲಾಪಿಯಲ್ಲಿ ಹಿಡಿಯುತ್ತಿದ್ದದ್ದು 1.44 ಎಂಬಿ. ಫೋಟೊ ಹಾಕಿದ ಒಂದು ಪುಟಕ್ಕೂ ಅದು ಸಾಲುತ್ತಿರಲಿಲ್ಲ. ಅಮೆರಿಕದ ಐಒಮೆಗಾ ಕಂಪನಿಯ ಜಿಪ್ ಡ್ರೈವ್ 1995ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಒಂದು ಡಿಸ್ಕಿನಲ್ಲಿ 100 ಎಂಬಿ, ಅಂದರೆ ಸುಮಾರು ಎಪ್ಪತ್ತು ಫ್ಲಾಪಿಯ ಸರಕು ಹಿಡಿಯುತ್ತಿತ್ತು. ಅಂಗೈ ಅಗಲದ ನೀಲಿ ಪೆಟ್ಟಿಗೆ. ಕಂಪ್ಯೂಟರಿಗೆ ಪ್ರಿಂಟರ್ ಸಿಕ್ಕಿಸುವ ಜಾಗದಲ್ಲಿ ಇದನ್ನು ಸಿಕ್ಕಿಸಿ, ಇದರ ಬೆನ್ನಿಗೆ ಪ್ರಿಂಟರ್ ಸಿಕ್ಕಿಸುವುದು. ಪುಟ ಮಾಡಿದವರಿಗೂ ಆಫ್‌ಸೆಟ್ ಪ್ರೆಸ್‌ನವರಿಗೂ ನಡುವೆ ಓಡಾಡಲು ಹೇಳಿ ಮಾಡಿಸಿದಂಥ ಸಾಮಾನು.

ಅದರ ರೋಗಕ್ಕೂ ಲೋಕಪ್ರಸಿದ್ಧ ಹೆಸರಿದೆ: ಸಾವಿನ ಟಿಕ್‌ಟಿಕ್. ಡಿಸ್ಕ್ ಓದುವ ಪುಟ್ಟ ಹೆಡ್ಡು ತನ್ನ ಜಾಡು ಸಿಗದಿದ್ದಾಗ ಹಿಂದಕ್ಕೆ ಹೋಗಿ ಮತ್ತೆ ಮುಂದೆ ಬರುತ್ತದೆ. ಆಗಲೂ ಸಿಗದಿದ್ದರೆ ಮತ್ತೆ ಹಿಂದಕ್ಕೆ. ಆ ಓಡಾಟವೇ ಟಿಕ್ ಟಿಕ್. 1998ರಲ್ಲಿ ಅಮೆರಿಕದಲ್ಲಿ ಗ್ರಾಹಕರು ಸೇರಿ ಕಂಪನಿಯ ಮೇಲೆ ಕೇಸು ಹಾಕಿದ್ದರು. ಸ್ಟೀವ್ ಗಿಬ್ಸನ್ ಎಂಬ ಪ್ರೋಗ್ರಾಮರ್ ಡ್ರೈವಿನ ಆರೋಗ್ಯ ಪರೀಕ್ಷಿಸುವ ಸಾಫ್ಟ್‌ವೇರ್ ಬರೆದು ಪುಕ್ಕಟೆ ಹಂಚಿದರು.

ಈ ರೋಗ ಅಂಟುತ್ತದೆ, ಕಾಲುಬಾಯಿ ಜ್ವರದ ಹಾಗೆ. ಕೆಟ್ಟ ಹೆಡ್ಡು ಡಿಸ್ಕಿನ ಅಂಚು ಹರಿಯುತ್ತದೆ. ಆ ಹರಿದ ಡಿಸ್ಕನ್ನು ಒಳ್ಳೆಯ ಡ್ರೈವಿಗೆ ಹಾಕಿದರೆ ಅದರ ಹೆಡ್ಡೂ ಕಿತ್ತುಬರುತ್ತದೆ. "ಈ ಡ್ರೈವಲ್ಲಿ ಓದ್ತಿಲ್ಲ, ಪಕ್ಕದ ಅಂಗಡಿದರಲ್ಲಿ ನೋಡೋಣ" ಅನ್ನುವುದು ನಮ್ಮ ಸಹಜ ಬುದ್ಧಿ. ಇಲ್ಲಿ ಆ ಬುದ್ಧಿಯೇ ಎರಡೂ ಡ್ರೈವನ್ನು ಕೊಲ್ಲುತ್ತದೆ.

ಹಾಗಾಗಿ ಟಿಕ್ ಟಿಕ್ ಕೇಳಿದ ಕೂಡಲೆ ಡಿಸ್ಕ್ ಹೊರಗೆ ತೆಗೆಯಿರಿ. ಬರದಿದ್ದರೆ ಡ್ರೈವಿನ ಹಿಂಬದಿಯ ಸಣ್ಣ ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ಒತ್ತಿದರೆ ಬರುತ್ತದೆ, ಒತ್ತುವ ಮುಂಚೆ ಕರೆಂಟು ತೆಗೆದಿರಬೇಕು. ಡಿಸ್ಕಿನ ತಗಡಿನ ಬಾಗಿಲು ಸರಿಸಿ ಬೆಳಕಿಗೆ ಹಿಡಿಯಿರಿ. ಅಂಚು ಚೂಪಾಗಿ ಹರಿದಿದ್ದರೆ ಆ ಡಿಸ್ಕು ಇನ್ನು ಯಾವ ಡ್ರೈವಿಗೂ ಬೇಡ. ಅಂಚು ನೆಟ್ಟಗಿದ್ದರೆ ಮೊದಲು ಅಡಾಪ್ಟರ್ ಮೇಲೆ ಅನುಮಾನ ಪಡಿ. ಈ ಡ್ರೈವಿಗೆ ಬೇಕಾದದ್ದು 5 ವೋಲ್ಟ್. ಹಳೆಯ ಅಡಾಪ್ಟರ್ ಸೊರಗಿ ಕಡಿಮೆ ಕೊಟ್ಟರೂ ಡ್ರೈವ್ ಕೆಟ್ಟ ಹಾಗೇ ನಟಿಸುತ್ತದೆ. ಮನೆಯಲ್ಲಿ ಸಿಕ್ಕ 12 ವೋಲ್ಟಿನದನ್ನು ಚುಚ್ಚಿದರೆ ಮಾತ್ರ ಕತೆ ಅಲ್ಲಿಗೇ ಮುಗಿಯಿತು. ಹೆಡ್ಡೇ ಬಾಗಿದ್ದರೆ ರಿಪೇರಿಯ ಆಸೆ ಬಿಡಿ. ಬೇರೆ ಡ್ರೈವ್ ಹುಡುಕುವುದೇ ಒಳ್ಳೆಯದು, ಅದೂ ಯುಎಸ್‌ಬಿ ವೈರಿನದು. ಪ್ರಿಂಟರ್ ಜಾಗಕ್ಕೆ ಸಿಕ್ಕಿಸುವಂಥದ್ದಕ್ಕೆ ವಿಂಡೋಸ್ 98 ಕಾಲದ ಕಂಪ್ಯೂಟರೇ ಬೇಕಾದೀತು.

ಫ್ಲಾಪಿಯದು ಬೇರೆ ಸ್ವಭಾವ. ಅಲ್ಲಿ ಹೆಡ್ಡು ಡಿಸ್ಕನ್ನು ಉಜ್ಜಿಕೊಂಡೇ ಓದುತ್ತದೆ, ಆದ್ದರಿಂದ ಕೊಳೆಯೇ ಮುಖ್ಯ ಶತ್ರು. ನಮ್ಮ ಜಿಲ್ಲೆಯಲ್ಲಿ ಈ ಕೊಳೆ ಎರಡು ಥರ. ಮಲೆನಾಡಿನ ಸೆರಗು ತಾಗಿದ ಚನ್ನಗಿರಿ, ನ್ಯಾಮತಿ ಕಡೆ ಮಳೆಗಾಲದ ಥಂಡಿಗೆ ಡಿಸ್ಕಿನ ಮೇಲೆ ಬೂಷ್ಟು ಹಿಡಿಯುತ್ತದೆ. ಜಗಳೂರಿನ ಒಣ ಹವೆಯಲ್ಲಿ ಬೂಷ್ಟು ಕಡಿಮೆ, ಧೂಳು ಜಾಸ್ತಿ. ಬೂಷ್ಟಿನ ಫ್ಲಾಪಿಯನ್ನು ಹಾಗೇ ಹಾಕಿದರೆ ಹೆಡ್ಡು ಮೆತ್ತಿಕೊಂಡು, ಮುಂದೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಹೆಡ್ಡನ್ನು ಮೆಲ್ಲಗೆ ಒರೆಸಬೇಕು, ಎತ್ತಿ ಒತ್ತಬಾರದು. ಹೆಡ್ಡು ಜಾರುವ ಸರಳಿನ ಗ್ರೀಸು ಇಪ್ಪತ್ತೈದು ವರ್ಷದಲ್ಲಿ ಅಂಟಾಗಿರುತ್ತದೆ. ಅದನ್ನು ಒರೆಸಿ ಹೊಸದನ್ನು ತುಸುವೇ ಹಚ್ಚಿದರೆ ಎಷ್ಟೋ ಡ್ರೈವ್‌ಗಳು ಎದ್ದು ಕೂರುತ್ತವೆ. ಫ್ಲಾಪಿಯ ಮೂಲೆಯ ಬಿಲ್ಲೆಯನ್ನು ತೂತು ತೆರೆದು ಕಾಣುವಂತೆ ಸರಿಸಿಡಿ, ಆಗ ಅದರ ಮೇಲೆ ಏನೂ ಬರೆಯಲಾಗದು. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡ ಅನ್ನಿ. ಆಮೇಲೆ ಒಂದೊಂದೇ ಫೈಲ್ ಎತ್ತುವ ಬದಲು ಇಡೀ ಡಿಸ್ಕಿನ ನಕಲನ್ನು ಒಂದೇ ಸಲ ತೆಗೆದಿಟ್ಟುಕೊಳ್ಳಿ, ಎರಡನೇ ಸಲ ಅದು ಓದಲು ಸಿಗುತ್ತದೆಂಬ ಖಾತ್ರಿಯಿಲ್ಲ.

ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಕಲ್ಲಿನ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ ಏಳನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಜಗಳೂರಿನವು ಹನ್ನೊಂದನೆಯದರಲ್ಲಿವೆ. ಆ ಕಲ್ಲುಗಳನ್ನು ಓದಲು ಹಳಗನ್ನಡ ಗೊತ್ತಿದ್ದರೆ ಸಾಕು, ಯಂತ್ರ ಬೇಡ. ಪಹಣಿಯ ಕತೆಯೂ ಸುಖಾಂತ್ಯ: ಭೂಮಿ ಯೋಜನೆಯಲ್ಲಿ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆ ಕಂಪ್ಯೂಟರಿಗೆ ಏರಿದವು. ಸರ್ಕಾರಕ್ಕೆ ಬೇಕಿದ್ದರಿಂದ ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ದಾಟುತ್ತಲೇ ಬಂದವು. ಜಮೀನು ಯಾರದೆಂಬ ಲೆಕ್ಕ ಉಳಿಯಿತು. ಆ ಊರಿನಲ್ಲಿ ಏನೇನು ನಡೆಯಿತೆಂಬುದು ಡಿಟಿಪಿ ಅಂಗಡಿಯ ಅಟ್ಟ ಸೇರಿತು. ಅದನ್ನು ದಾಟಿಸುವ ಹೊಣೆ ಯಾರ ಮೇಲೂ ಇರಲಿಲ್ಲ.

ಡ್ರೈವ್ ಓದಿದ ಮೇಲೂ ಇನ್ನೊಂದು ಬೇಲಿ ಇದೆ. ಫೈಲ್ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗಿಜಿಬಿಜಿ ಕಾಣುತ್ತದೆ. ಡಿಸ್ಕ್ ಹಾಳಾಗಿದೆ ಎಂದು ಎಸೆಯಬೇಡಿ. ಶ್ರೀಲಿಪಿ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವೆಲ್ಲ ಆಗ ಯೂನಿಕೋಡ್ ಬಳಸದೆ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಯಾವ ಫಾಂಟ್ ಎಂದು ಗೊತ್ತಾದರೆ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಪುಟಗಳು ಪೇಜ್‌ಮೇಕರ್‌ನಲ್ಲಿದ್ದರೆ ಮಾತ್ರ ಆ ಸಾಫ್ಟ್‌ವೇರೇ ಇರುವ ಹಳೆಯ ಕಂಪ್ಯೂಟರಿನಲ್ಲಿ ತೆರೆದು ಅಕ್ಷರ ಹೊರತೆಗೆಯಬೇಕು. ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ತಪ್ಪಿ ಬೀಳುತ್ತವೆ, ಊರಿನ ಹೆಸರು, ಮನೆತನದ ಹೆಸರಿನಲ್ಲಂತೂ ಹೆಚ್ಚು. ಅದನ್ನು ತಿದ್ದಲು ಆ ಊರಿನ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.