ದಾರಿ ದಾಟುವವರ ಚರಿತ್ರೆ

ಮಹಾಭಾರತದ ಆದಿಪರ್ವದಲ್ಲಿ ಬರುವ ಕಲ್ಮಾಷಪಾದನ ಉಪಾಖ್ಯಾನವನ್ನು ವಾಚಕರು ಬಲ್ಲರು. ಬೇಟೆಯಾಡಿ ಬಳಲಿ ಬರುತ್ತಿದ್ದ ಅರಸನು, ಒಬ್ಬನೇ ನಡೆಯಲು ತಕ್ಕಷ್ಟು ಇಕ್ಕಟ್ಟಾದ ಕಾಡುಹಾದಿಯಲ್ಲಿ, ವಸಿಷ್ಠಪುತ್ರನಾದ ಶಕ್ತಿಯನ್ನು ಇದಿರುಗೊಂಡನು. ದಾರಿ ಬಿಡೆಂದು ಅರಸನೆಂದನು. ದಾರಿ ತನ್ನದೆಂದು ಋಷಿಯೆಂದನು. ಇಬ್ಬರಲ್ಲಿ ಒಬ್ಬರೂ ಸರಿಯಲಿಲ್ಲ. ಅರಸನು ಚಾವಟಿಯಿಂದ ಹೊಡೆದನು, ಋಷಿಯು ರಾಕ್ಷಸನಾಗೆಂದು ಶಪಿಸಿದನು, ಶಾಪ ಫಲಿಸಿದ ಮೇಲೆ ರಾಕ್ಷಸನು ಮೊದಲು ತಿಂದದ್ದು ಶಪಿಸಿದವನನ್ನೇ. ಇಂತಹ ಕಲಹಗಳು ಅಪೂರ್ವವಲ್ಲವೆಂದೇ ಧರ್ಮಶಾಸ್ತ್ರಕಾರರು ಯಾರು ಯಾರಿಗೆ ದಾರಿ ಬಿಡಬೇಕೆಂದು ವಿಧಿಸಿಟ್ಟರು. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಆ ಪಟ್ಟಿಯಿದೆ: ಗಾಡಿಯಲ್ಲಿ ಹೋಗುವವನು, ತೊಂಬತ್ತು ಮೀರಿದ ವೃದ್ಧನು, ರೋಗಿ, ಹೊರೆ ಹೊತ್ತವನು, ಸ್ತ್ರೀ, ಸ್ನಾತಕ, ಅರಸು, ಮದುವಣಿಗ. ಗಾಡಿಯವನ ಹೆಸರು ಎಲ್ಲಕ್ಕೂ ಮೊದಲು ಬಂದಿರುವುದನ್ನು ಗಮನಿಸಬೇಕು. ಹೂಡಿದ ಎತ್ತನ್ನು ಥಟ್ಟನೆ ಪಕ್ಕಕ್ಕೆ ಎಳೆಯುವುದು ಕಷ್ಟ, ನಡೆಯುವವನು ಪಕ್ಕಕ್ಕೆ ಸರಿಯುವುದು ಸುಲಭ. ಎತ್ತಿನ ಕಾಲಕ್ಕೆ ಅದು ನ್ಯಾಯವೇ ಆಗಿತ್ತು. ಎತ್ತಿನ ಸ್ಥಾನಕ್ಕೆ ಯಂತ್ರವು ಬಂದ ಮೇಲೆ ಈ ಕ್ರಮವನ್ನು ತಲೆಕೆಳಗು ಮಾಡಬೇಕಾಯಿತು. ಅದನ್ನು ಮಾಡಲು ಪಾಶ್ಚಾತ್ಯ ದೇಶಗಳಿಗೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು, ಬಹಳ ಪ್ರಾಣಗಳೂ ವೆಚ್ಚವಾದವು. ಆ ಚರಿತ್ರೆಯು ಮುಖ್ಯವಾಗಿ ಇಂಗ್ಲೆಂಡು ಮತ್ತು ಹಾಲೆಂಡುಗಳದು.

ಅದಕ್ಕೂ ಹಿಂದಿನ ಒಂದು ನಿದರ್ಶನವನ್ನು ಇಲ್ಲಿಯೇ ಹೇಳಿಬಿಡಬಹುದು. ಕ್ರಿ. ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇಯಿ ನಗರವನ್ನು ಅಗೆದು ತೆಗೆದಾಗ, ಬೀದಿಗಳಿಗೆ ಅಡ್ಡಲಾಗಿ ಎತ್ತರದ ದಪ್ಪ ಕಲ್ಲುಗಳನ್ನು ಸಾಲಾಗಿ ನೆಟ್ಟಿರುವುದು ಕಂಡುಬಂದಿತು. ಬೀದಿಯ ನೀರಿನಲ್ಲಿಯೂ ಹೊಲಸಿನಲ್ಲಿಯೂ ಕಾಲಿಡದೆ ಜನರು ಆ ಕಲ್ಲುಗಳ ಮೇಲೆ ಹೆಜ್ಜೆಯಿಟ್ಟು ದಾಟುತ್ತಿದ್ದರು. ಗಾಡಿಯ ಚಕ್ರಗಳು ಕಲ್ಲುಗಳ ನಡುವಣ ಸಂದಿನಲ್ಲಿ ಹಾಯಬೇಕಾಗಿತ್ತು. ಆದುದರಿಂದ ಸಾರಥಿಯು ಮನಸ್ಸಿದ್ದರೂ ಇಲ್ಲದಿದ್ದರೂ ಅಲ್ಲಿ ಮೆಲ್ಲನೆ ಹೋಗಲೇಬೇಕು. ಆಜ್ಞೆಯ ಫಲಕವೂ ಬೇಡ, ಕಾವಲುಗಾರನೂ ಬೇಡ, ಕಲ್ಲೇ ಸಾಕಾಗಿತ್ತು. ಈ ಕಲ್ಲನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಪಟ್ಟಣಗಳ ಬೀದಿಗಳು ಕುದುರೆಗಾಡಿಗಳಿಂದ ಕಿಕ್ಕಿರಿದುವು. 1862ರಲ್ಲಿ ಲಿವರ್‌ಪೂಲ್ ನಗರದಲ್ಲಿ, ದಾಟುವವರು ಅರ್ಧ ದಾರಿಯಲ್ಲಿ ನಿಂತು ಉಸಿರಾಡಲೆಂದು ಬೀದಿಯ ನಡುವೆ ಒಂದು ಕಟ್ಟೆಯನ್ನು ಕಟ್ಟಿದರು. ಎರಡು ವರ್ಷಗಳ ತರುವಾಯ ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿ ಕರ್ನಲ್ ಪಿಯರ್‌ಪಾಯಿಂಟ್ ಎಂಬಾತನು ತನ್ನ ಸ್ವಂತ ಹಣದಿಂದ ಇಂತಹದೇ ಕಟ್ಟೆಯನ್ನು ಹಾಕಿಸಿದನು. ಒಂದು ದಿನ ಅದನ್ನು ದಾಟಿಹೋಗುತ್ತ, ತಾನು ಮಾಡಿಸಿದ್ದು ಎಷ್ಟು ಚೆನ್ನಾಗಿದೆಯೆಂದು ಹೆಮ್ಮೆಯಿಂದ ಹಿಂದಿರುಗಿ ನೋಡುವಷ್ಟರಲ್ಲಿ, ಗಾಡಿಯೊಂದು ಅವನನ್ನು ಕೆಡವಿತೆಂದು ಕಥೆಯುಂಟು. ಕಥೆ ದಿಟವಿರಲಿ ಇಲ್ಲದಿರಲಿ, ನಡುಗಟ್ಟೆಯ ಉಪಾಯ ಮಾತ್ರ ಉಳಿಯಿತು.

1868ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿನ ಮುಂದೆ ರೈಲ್ವೆ ಇಂಜಿನಿಯರನಾದ ನೈಟ್ ಎಂಬಾತನು ಹೊಸದೊಂದು ಸಾಧನವನ್ನು ನಿಲ್ಲಿಸಿದನು. ಹಗಲಿನಲ್ಲಿ ರೈಲು ಕಂಬದಂತೆ ಕೈಗಳನ್ನು ಚಾಚಿ, ರಾತ್ರಿಯಲ್ಲಿ ಕೆಂಪು ಹಸುರು ಅನಿಲದೀಪಗಳನ್ನು ತೋರಿಸಿ ಅದು ಗಾಡಿಗಳನ್ನು ತಡೆಯುತ್ತಿತ್ತು. ಅದನ್ನು ತಿರುಗಿಸಲು ಒಬ್ಬ ಪೊಲೀಸಿನವನು. ಮುಂದಿನ ಜನವರಿಯಲ್ಲಿಯೇ ಅನಿಲವು ಸೋರಿ ದೀಪವು ಸಿಡಿದು ಆ ಪೊಲೀಸಿನವನು ಗಾಯಗೊಂಡನು. ಕಂಬವನ್ನು ಕಿತ್ತುಹಾಕಿದರು. ಆ ಬಳಿಕ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲಂಡನ್ನಿನಲ್ಲಿ ಮತ್ತೊಂದು ದೀಪ ನಿಲ್ಲಲಿಲ್ಲ.

ಯಂತ್ರವಾಹನಗಳ ವಿಷಯದಲ್ಲಿ ಇಂಗ್ಲೆಂಡು ಮೊದಲು ಅತಿಯಾಗಿ ಹೆದರಿ ಆಮೇಲೆ ಅತಿಯಾಗಿ ನಂಬಿತು. 1865ರ ಕಾಯಿದೆಯ ಪ್ರಕಾರ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ. ಮುಂದೆ 60 ಗಜ ದೂರದಲ್ಲಿ ಕೆಂಪು ಬಾವುಟ ಹಿಡಿದವನೊಬ್ಬನು ನಡೆಯಬೇಕು. ಈ ನಿರ್ಬಂಧಗಳು ಸಡಿಲವಾಗುತ್ತಿದ್ದ 1896ರ ಆಗಸ್ಟ್ 17ರಂದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಗೃಹಿಣಿಯು ಪ್ರದರ್ಶನದ ಮೋಟಾರು ಗಾಡಿಯೊಂದಕ್ಕೆ ಸಿಕ್ಕಿ ತೀರಿಕೊಂಡಳು. ಗಾಡಿಯ ವೇಗ ಗಂಟೆಗೆ 4 ಮೈಲಿಯೆಂದು ನಡೆಸುವವನು ಹೇಳಿದನು. ಆ ದೇಶದಲ್ಲಿ ಮೋಟಾರಿನಿಂದ ಸತ್ತ ಮೊದಲ ಪಾದಚಾರಿ ಆಕೆ. ಇಂತಹುದು ಇನ್ನೆಂದಿಗೂ ನಡೆಯದಿರಲೆಂದು ಮರಣವಿಚಾರಣಾಧಿಕಾರಿಯು ಹಾರೈಸಿ, ಆಕಸ್ಮಿಕ ಮರಣವೆಂಬ ತೀರ್ಪನ್ನು ಬರೆಸಿಕೊಂಡನು.

1903ರಲ್ಲಿ ವೇಗದ ಮಿತಿಯು 20 ಮೈಲಿಗೆ ಏರಿತು. ಯಾರೂ ಅದನ್ನು ಪಾಲಿಸಲಿಲ್ಲ. ಪಾಲಿಸದ ಶಾಸನವಿದ್ದು ಪ್ರಯೋಜನವೇನೆಂದು 1930ರಲ್ಲಿ ಪಾರ್ಲಿಮೆಂಟು ಸಾಮಾನ್ಯ ಮೋಟಾರುಗಳಿಗೆ ಮಿತಿಯನ್ನೇ ತೆಗೆದುಬಿಟ್ಟಿತು. ಕಳ್ಳರು ಹೆಚ್ಚಿದರೆಂದು ಬೀಗವನ್ನು ತೆಗೆದ ಹಾಗಾಯಿತು! 1934ರಲ್ಲಿ ಆ ದೇಶದ ರಸ್ತೆಗಳಲ್ಲಿ ಸತ್ತವರು 7,343; ಗಾಯಗೊಂಡವರು 2,31,603. ಇವರಲ್ಲಿ ಸುಮಾರು ಅರ್ಧ ಮಂದಿ ನಡೆದುಹೋಗುತ್ತಿದ್ದವರು.

ಆ ವರ್ಷ ಸಾರಿಗೆ ಮಂತ್ರಿಯಾಗಿ ಬಂದವನು ಲೆಸ್ಲಿ ಹೋರ್-ಬೆಲಿಷಾ. ಕ್ಯಾಮ್ಡೆನ್ ಹೈ ಸ್ಟ್ರೀಟನ್ನು ದಾಟುವಾಗ ವೇಗದ ಮೋಟಾರೊಂದು ಅವನನ್ನೇ ಕೆಡವುವುದರಲ್ಲಿತ್ತು. ಮಂತ್ರಿಗಳು ಕಾಲ್ನಡೆಯಲ್ಲಿ ಹೋಗುವುದರಿಂದ ರಾಜ್ಯಕ್ಕೆ ಇಂತಹ ಲಾಭವೂ ಉಂಟು. ದಾಟುವೆಡೆಗಳಲ್ಲಿ ಲೋಹದ ಗುಬುಟುಗಳ ಸಾಲನ್ನು ನೆಲದಲ್ಲಿ ಹುದುಗಿಸಿ, ಎರಡು ಕಡೆಗೂ ಕಪ್ಪು ಬಿಳಿ ಪಟ್ಟೆಯ ಕಂಬವನ್ನು ನೆಟ್ಟು, ಅದರ ತುದಿಗೆ ಕಿತ್ತಳೆಬಣ್ಣದ ಗೋಲವನ್ನು ಕೂಡಿಸಿದರು. ಜನರು ಅದಕ್ಕೆ ಮಂತ್ರಿಯ ಹೆಸರನ್ನೇ ಇಟ್ಟರು. ಗಾಜಿನ ಗೋಲಗಳು ತುಂಟ ಹುಡುಗರ ಕಲ್ಲಿಗೆ ಒಳ್ಳೆಯ ಗುರಿಯಾದುವು. ಹೊಸದಾಗಿ ಮೋಟಾರು ನಡೆಸುವವರಿಗೆ ಪರೀಕ್ಷೆಯೂ, 1935ರ ಮಾರ್ಚ್ 18ರಿಂದ ಊರೊಳಗೆ 30 ಮೈಲಿಯ ಮಿತಿಯೂ ಬಂದುವು. ಆ ವರ್ಷ ಸತ್ತವರ ಸಂಖ್ಯೆ 6,502ಕ್ಕೆ ಇಳಿಯಿತು. ಗೋಲದ ಹೆಸರು ಲೋಕಪ್ರಸಿದ್ಧವಾಯಿತು. ಕೆಲಸದ ಹೆಚ್ಚಿನ ಪಾಲನ್ನು ವೇಗದ ಮಿತಿಯೇ ಮಾಡಿತೆಂದು ತೋರುತ್ತದೆ.

ಇದರ ಕಾರಣವನ್ನು ಸಣ್ಣದೊಂದು ಲೆಕ್ಕದಿಂದ ತಿಳಿಯಬಹುದು. 7 ಮೀಟರು ಅಗಲದ ಹೆದ್ದಾರಿಯನ್ನು ಒಬ್ಬ ವೃದ್ಧೆಯು ಸೆಕೆಂಡಿಗೆ 1 ಮೀಟರಿನಂತೆ ದಾಟಿದರೆ 7 ಸೆಕೆಂಡು ಹಿಡಿಯುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದ ಮೋಟಾರು ಅಷ್ಟರಲ್ಲಿ ಸುಮಾರು 116 ಮೀಟರು ಮುಂದೆ ಬಂದಿರುತ್ತದೆ. ಅಂದರೆ ಆಕೆಯು ಎರಡು ದಿಕ್ಕಿನಲ್ಲಿಯೂ 116 ಮೀಟರು ದೂರದವರೆಗೆ ನೋಡಿ, ಬರುವ ವೇಗವನ್ನು ಎಣಿಸಿ, ಆಮೇಲೆ ಹೆಜ್ಜೆಯಿಡಬೇಕು. ನಡುವೆ ಒಂದು ಕಟ್ಟೆಯಿದ್ದರೆ ಒಂದೊಂದು ಸಲಕ್ಕೆ ಒಂದೇ ದಿಕ್ಕು, 58 ಮೀಟರು. ವಾಹನದ ವೇಗವು 30ಕ್ಕೆ ಇಳಿದರೆ 29 ಮೀಟರು ಸಾಕು. ಅಲ್ಲದೆ ವೇಗವು ಅರ್ಧವಾದರೆ ಪೆಟ್ಟಿನ ಶಕ್ತಿಯು ಕಾಲುಭಾಗಕ್ಕೆ ಇಳಿಯುತ್ತದೆ. ಬಣ್ಣದ ಗೋಲಕ್ಕೆ ಈ ಲೆಕ್ಕವನ್ನು ಬದಲಿಸುವ ಸಾಮರ್ಥ್ಯವಿಲ್ಲ.

ಬೈಸಿಕಲ್ಲಿನವರ ಸಂಗತಿಯು ಇನ್ನೂ ತೊಡಕಿನದು. 1934ರಲ್ಲಿ ಸುಮಾರು ಒಂದೂವರೆ ಸಾವಿರ ಮಂದಿ ಸೈಕಲ್ ಸವಾರರು ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತರು. ಆ ಡಿಸೆಂಬರಿನಲ್ಲಿ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಹೆದ್ದಾರಿಯ ಪಕ್ಕದಲ್ಲಿ ಅವರಿಗಾಗಿಯೇ ಹಾಕಿದ ಎರಡೂವರೆ ಮೈಲಿ ಉದ್ದದ ಕಾಂಕ್ರೀಟಿನ ಹಾದಿಯನ್ನು ಹೋರ್-ಬೆಲಿಷಾ ತೆರೆದನು. ಸವಾರರ ಸಂಘದವರು ಸಂತೋಷಪಡುವರೆಂದು ಸರಕಾರದವರು ಎಣಿಸಿದ್ದರು. ಅವರು ಪ್ರತಿಭಟಿಸಿದರು! ಈ ಹಾದಿಗೆ ಇಳಿದರೆ ಹೆದ್ದಾರಿಯ ಮೇಲಣ ಹಕ್ಕು ತಪ್ಪೀತೆಂಬುದು ಅವರ ಭಯ. ಅವರ ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ. ನೇರವಾಗಿ ಸಾಗುವಾಗ ಹಾದಿಯು ಸವಾರನನ್ನು ಕಾಪಾಡುತ್ತಿತ್ತು. ಅಡ್ಡರಸ್ತೆಯೊಂದು ಬಂದೊಡನೆ ಹಾದಿಯು ಮುಗಿದು, ಹೊರಳುವ ಮೋಟಾರುಗಳ ನಡುವೆ ಅವನನ್ನು ಬಿಟ್ಟುಬಿಡುತ್ತಿತ್ತು. ನದಿಯುದ್ದಕ್ಕೂ ಒಡ್ಡು ಹಾಕಿ ತೂಬಿನಲ್ಲಿ ಬಿರುಕು ಉಳಿಸಿದಂತೆ ಇದಾಯಿತು.

ಯುದ್ಧಕಾಲದ ಕತ್ತಲೆಯಾಜ್ಞೆಯು 1939ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಾಗ ಬೀದಿದೀಪಗಳೆಲ್ಲ ಆರಿದುವು. 1941ರಲ್ಲಿ ರಸ್ತೆಗಳಲ್ಲಿ ಸತ್ತವರು 9,169 ಮಂದಿ. ಆ ದೇಶದಲ್ಲಿ ಅಷ್ಟು ದೊಡ್ಡ ಸಂಖ್ಯೆ ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಯುದ್ಧಾನಂತರ ವಿದ್ವಾಂಸರು ಪರೀಕ್ಷಿಸಿ ನೋಡಲು, ನೆಲದಲ್ಲಿ ಹುದುಗಿಸಿದ ಗುಬುಟುಗಳು ಮೋಟಾರಿನವನ ಕಣ್ಣಿಗೆ ಬೀಳುವುದೇ ಕಷ್ಟವೆಂದು ಗೊತ್ತಾಯಿತು. 1949ರಿಂದ ಸುಮಾರು ಒಂದು ಸಾವಿರ ಸ್ಥಳಗಳಲ್ಲಿ ಬಣ್ಣದ ಪಟ್ಟೆಗಳನ್ನು ಬಳಿದು ನೋಡಿ, ಕಡೆಗೆ ಕಪ್ಪು ಬಿಳಿಯನ್ನು ಆರಿಸಿಕೊಂಡರು. 1951ರ ಅಕ್ಟೋಬರ್ 31ರಂದು ಸ್ಲೌ ಎಂಬ ಊರಿನಲ್ಲಿ ಮೊದಲನೆಯದು ಕಾಣಿಸಿಕೊಂಡಿತು. ಮುಂದೆ ಪ್ರಧಾನಮಂತ್ರಿಯಾದ ಜೇಮ್ಸ್ ಕ್ಯಾಲಹನ್ ಅದನ್ನು ಕಂಡು ಜೀಬ್ರಾ ಎಂದನೆಂಬ ಪ್ರತೀತಿಯುಂಟು. ದಾಟುವೆಡೆಗಳು ಮಿತಿಮೀರಿದರೆ ಯಾರೂ ಗಣಿಸುವುದಿಲ್ಲವೆಂದು ಆಗಲೇ ಅವುಗಳ ಸಂಖ್ಯೆಯನ್ನು ಬಹಳವಾಗಿ ಕಡಮೆ ಮಾಡಿದರು.

ಇದೇ ಹೊತ್ತಿನಲ್ಲಿ ನ್ಯಾಯಸ್ಥಾನವೂ ಒಂದು ಹೆಜ್ಜೆ ಇಟ್ಟಿತು. ನಿಂತಿದ್ದ ಟ್ಯಾಕ್ಸಿಯ ಮರೆಯಿಂದ ದಾಟುವೆಡೆಗೆ ಬಂದ ಹೆಂಗಸೊಬ್ಬಳನ್ನು ಬಸ್ಸು ಕೆಡವಿತ್ತು. ದೀಪವು ಆಕೆಗೆ ವಿರುದ್ಧವಾಗಿತ್ತು; ಆಕೆಯ ತಪ್ಪೂ ಇತ್ತು. ಹಾಗಿದ್ದರೂ ಹೌಸ್ ಆಫ್ ಲಾರ್ಡ್ಸಿನ ನ್ಯಾಯಾಧೀಶರು 1949ರ ವರದಿಯಲ್ಲಿ ಪ್ರಕಟವಾದ ತೀರ್ಪಿನಲ್ಲಿ, ದಾಟುವೆಡೆಯಲ್ಲಿ ಯಾರೂ ಇಲ್ಲವೆಂದು ಕಣ್ಣಾರೆ ಕಾಣದ ಹೊರತು, ಬೇಕೆಂದಾಗ ನಿಲ್ಲಬಲ್ಲಷ್ಟು ಮೆಲ್ಲನೆಯೇ ವಾಹನವನ್ನು ನಡೆಸತಕ್ಕದ್ದೆಂದು ವಿಧಿಸಿದರು. ಸ್ಮೃತಿಯ ಪಟ್ಟಿಯಲ್ಲಿ ಮೊದಲಿಗನಾಗಿದ್ದ ಚಕ್ರದವನು ಕೊನೆಗೆ ಹೋದದ್ದು ಹೀಗೆ.

ಆಮೇಲಣ ಇಂಗ್ಲೆಂಡಿನ ಕಥೆಯು ಪಂಚತಂತ್ರವನ್ನು ನೆನಪಿಗೆ ತರುತ್ತದೆ. 1962ರಲ್ಲಿ ವಾಟರ್‌ಲೂ ನಿಲ್ದಾಣದ ಬಳಿ ಪಾಂಡಾ ಎಂಬ ದೀಪದ ದಾಟುವೆಡೆ ಬಂದಿತು; ಅದರ ಮಿಣುಕಾಟವು ಯಾರಿಗೂ ತಿಳಿಯದೆ ಐದು ವರ್ಷಗಳಲ್ಲಿ ಹೋಯಿತು. 1969ರಲ್ಲಿ ಪೆಲಿಕನ್, ಬಳಿಕ ಪಫಿನ್, ಬಳಿಕ ಟೂಕನ್. ಕೊನೆಯದು ನಡೆಯುವವನೂ ಸೈಕಲ್ಲಿನವನೂ ಒಟ್ಟಿಗೆ ದಾಟುವ ಸ್ಥಳ. ಇಬ್ಬರೂ ದಾಟಬಲ್ಲರೆಂಬ ಇಂಗ್ಲಿಷ್ ಮಾತಿನ ಶ್ಲೇಷೆಯನ್ನು ಹಕ್ಕಿಯ ಹೆಸರಿನಲ್ಲಿ ಅಡಗಿಸಿದ್ದಾರೆ.

ಕಪ್ಪು ಬಿಳಿ ಪಟ್ಟೆಯು ಭಾರತಕ್ಕೂ ಬಂದಿತು, ಹೆಸರಿನೊಂದಿಗೆ. ಪಟ್ಟೆಯನ್ನು ಬಳಿಯುವುದು ಸುಲಭ. ಅದರ ಹಿಂದಣ ವೇಗದ ಮಿತಿ, ನಡುಗಟ್ಟೆ, ನ್ಯಾಯದ ತೀರ್ಪು ಬಣ್ಣದ ಡಬ್ಬಿಯಲ್ಲಿ ಬರುವುದಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,000ಕ್ಕೂ ಮೇಲ್ಪಟ್ಟು ಜನರು ಪಾದಚಾರಿಗಳು. ಊರನ್ನು ಸೀಳಿಕೊಂಡು ಹೋಗುವ ಅಗಲವಾದ ಹೆದ್ದಾರಿಯ ಒಂದು ಮಗ್ಗುಲಲ್ಲಿ ಮನೆ, ಇನ್ನೊಂದು ಮಗ್ಗುಲಲ್ಲಿ ಶಾಲೆ ಇರುವ ಕಡೆ, ಮಾಸಿದ ಪಟ್ಟೆಯನ್ನು ನಂಬಿ ಮಗುವನ್ನು ಕಳುಹಿಸುವ ತಾಯಿಗೆ ಈ ವಿಷಯವನ್ನು ವಿವರಿಸಬೇಕಾದ ಅಗತ್ಯವಿಲ್ಲ.

ತೂಬಿನ ಬಿರುಕನ್ನು ಮುಚ್ಚಿದವರು ಹಾಲೆಂಡಿನವರು. ಅವರಿಗೂ ಬುದ್ಧಿ ಸುಲಭವಾಗಿ ಬರಲಿಲ್ಲ. ಸೈಕಲ್ಲು ಅಲ್ಲಿ ಮನೆಮನೆಯ ವಾಹನ. ಯುದ್ಧಾನಂತರ ಮೋಟಾರುಗಳು ಹೆಚ್ಚಿ, 1971ರ ಹೊತ್ತಿಗೆ ಆ ಚಿಕ್ಕ ದೇಶದಲ್ಲಿ ವರ್ಷಕ್ಕೆ 3,000ಕ್ಕಿಂತ ಹೆಚ್ಚು ಜನರು ಸಾಯುತ್ತಿದ್ದರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಫಿಕ್ ಲಾಂಗೆನ್‌ಹಾಫ್ ಎಂಬ ಪತ್ರಿಕಾಕರ್ತನ ಚಿಕ್ಕ ಮಗಳು ಹೀಗೆ ತೀರಿಕೊಂಡಳು. ಅವನು 1972ರಲ್ಲಿ ಡೆ ಟೈಡ್ ಪತ್ರಿಕೆಯಲ್ಲಿ, ಮಕ್ಕಳ ಕೊಲೆಯನ್ನು ನಿಲ್ಲಿಸಿರೆಂಬ ಶಿರೋನಾಮೆಯಿಂದ ಲೇಖನವನ್ನು ಬರೆದನು. ಅಪಘಾತವೆಂಬ ಶಬ್ದವನ್ನು ಬಿಟ್ಟು ಕೊಲೆಯೆಂಬ ಶಬ್ದವನ್ನು ಎತ್ತಿಕೊಂಡದ್ದೇ ಒಂದು ದೊಡ್ಡ ಕಾರ್ಯವಾಯಿತು. 1896ರ ತೀರ್ಪಿನ ಭಾಷೆಗೂ ಇದಕ್ಕೂ ನಡುವೆ 76 ವರ್ಷಗಳ ಅಂತರ. ಆ ಹೆಸರಿನಲ್ಲಿಯೇ ಸಂಘವು ಹುಟ್ಟಿತು. ತಂದೆತಾಯಿಗಳು ಮಕ್ಕಳೊಡನೆ ಬೀದಿಗಿಳಿದು ದಾರಿಗಳನ್ನು ತಡೆದರು. ಮರುವರ್ಷ ಎಣ್ಣೆಯ ಅಭಾವವುಂಟಾಗಿ ಸರಕಾರವು ಭಾನುವಾರಗಳಂದು ಮೋಟಾರುಗಳನ್ನು ನಿಷೇಧಿಸಲು, ಬರಿದಾದ ಹೆದ್ದಾರಿಗಳಲ್ಲಿ ಜನರು ಸೈಕಲ್ಲು ತುಳಿದರು. ಆ ದಶಕದ ನಡುವೆ ಟಿಲ್‌ಬರ್ಗ್ ಮತ್ತು ಹೇಗ್ ನಗರಗಳಲ್ಲಿ ಸರಕಾರದ ಹಣದಿಂದ ಮಾದರಿಯ ಸೈಕಲ್ ಹಾದಿಗಳಾದುವು.

ಡಚ್ಚರು ಮುಖ್ಯವಾಗಿ ಗಮನವಿಟ್ಟದ್ದು ಅಡ್ಡಹಾಯುವ ಸ್ಥಳಕ್ಕೆ. ಅಡ್ಡರಸ್ತೆ ಬಂದಲ್ಲಿ ಸೈಕಲ್ ಹಾದಿಯನ್ನು ಮುಗಿಸದೆ, ಹೆದ್ದಾರಿಯಿಂದ ಸುಮಾರು 5 ಮೀಟರು ಹಿಂದಕ್ಕೆ ಸರಿಸಿ ಮುಂದುವರಿಸಿದರು. ಹೊರಳಿದ ಮೋಟಾರು ಆ ಎಡೆಯಲ್ಲಿ, ಹಿಂದಿನವರಿಗೆ ಅಡ್ಡಿಯಾಗದೆ, ನಿಂತು ಕಾಯಬಹುದು. ಹಾದಿಯ ಮಟ್ಟವನ್ನು ತಗ್ಗಿಸದೆ ರಸ್ತೆಯನ್ನೇ ಅದರ ಮಟ್ಟಕ್ಕೆ ಎತ್ತರಿಸಿದರು. ಮೋಟಾರು ಆ ಉಬ್ಬನ್ನು ಹತ್ತಿ ಇಳಿಯಬೇಕಾದ್ದರಿಂದ ತಾನಾಗಿಯೇ ಮೆಲ್ಲನಾಗುತ್ತದೆ. ಪಾಂಪೇಯಿಯ ಕಲ್ಲು ಮತ್ತೆ ಬೀದಿಗೆ ಬಂದಿತು. 1990ರ ದಶಕದಲ್ಲಿ ಇದನ್ನೆಲ್ಲ ಒಂದು ಸೂತ್ರಕ್ಕೆ ತಂದರು: ನಡೆಯುವವನಾಗಲಿ ಸೈಕಲ್ಲಿನವನಾಗಲಿ ಮೋಟಾರಿಗೆ ಅಡ್ಡವಾಗಿ ಹಾಯುವ ಕಡೆ ವೇಗವು 30 ಕಿಲೋಮೀಟರನ್ನು ಮೀರಕೂಡದು, ಮೀರಲೇಬೇಕಾದ ಹೆದ್ದಾರಿಯಾದರೆ ಇಬ್ಬರ ದಾರಿಗಳನ್ನೂ ಮೇಲೆ ಕೆಳಗೆ ಬೇರೆಮಾಡಬೇಕು. 1994ರ ಕಾಯಿದೆಯ 185ನೆಯ ವಿಧಿಯು ಇಂತಹ ಡಿಕ್ಕಿಯಲ್ಲಿ ನಷ್ಟದ ಹೊಣೆಯನ್ನು ಸಾಮಾನ್ಯವಾಗಿ ಮೋಟಾರಿನವನ ಮೇಲೆಯೇ ಹೊರಿಸಿತು. 2014ರಲ್ಲಿ ಸತ್ತವರು 570. 2022ರಲ್ಲಿ ಆ ಸಂಖ್ಯೆ ಪುನಃ 700ನ್ನು ಮೀರಿತೆಂಬುದನ್ನೂ ಮರೆಮಾಚಬಾರದು.

ಮೇಲೆ ಕೆಳಗೆ ಬೇರೆಮಾಡುವುದರಲ್ಲಿಯೂ ವಿವೇಕ ಬೇಕು. ಎತ್ತರದ ಮೆಟ್ಟಿಲುಸೇತುವೆಯನ್ನು ಕಟ್ಟಿ, ಮುದುಕರೂ ಹೊರೆಯವರೂ ಅದನ್ನು ಹತ್ತಲಿಲ್ಲವೆಂದು ದೂರುವುದು ಸರಿಯಲ್ಲ. ಐಂಡ್‌ಹೋವನ್ ನಗರದ ಅಂಚಿನಲ್ಲಿ, ಎರಡು ಹಿರಿಯ ರಸ್ತೆಗಳು ಕೂಡುವ ಕಡೆ, ಡಚ್ಚರು 72 ಮೀಟರು ವ್ಯಾಸದ ಉಂಗುರದಂತಹ ಸೇತುವೆಯನ್ನು ಸೈಕಲ್ಲಿನವರಿಗೂ ನಡೆಯುವವರಿಗೂ ಕಟ್ಟಿದ್ದಾರೆ. ನಡುವೆ 70 ಮೀಟರು ಎತ್ತರದ ಒಂದೇ ಕಂಬ. ಅದರಿಂದ ಇಳಿದ 24 ಹುರಿಗಳಲ್ಲಿ ಉಂಗುರವು ತೂಗುತ್ತದೆ. ಏರು ಕಡಿದಾಗದಂತೆ, ಕೆಳಗಣ ಮೋಟಾರು ರಸ್ತೆಯನ್ನೇ ಅಗೆದು ತಗ್ಗಿಸಿದರು. ಮೊದಲು ತೆರೆದಾಗ ಗಾಳಿಗೆ ಹುರಿಗಳು ನಡುಗಿದ್ದರಿಂದ ಅದನ್ನು ಮುಚ್ಚಿ, ನಡುಕವನ್ನು ಅಡಗಿಸಿ, 2012ರ ಬೇಸಿಗೆಯಲ್ಲಿ ಪುನಃ ತೆರೆದರು.