ರೋಬೋ ಕಿಟ್ ಆರಿಸುವ ಮುನ್ನ ಸ್ವಲ್ಪ ಇತಿಹಾಸ

ನನ್ನ ಮೇಜಿನ ಮೇಲೆ ನಿಂತಿರುವ ಪ್ಲಾಸ್ಟಿಕ್ ರೋಬೋ ನೋಡಿದವರೆಲ್ಲ ಕೇಳೋದು ಒಂದೇ ಪ್ರಶ್ನೆ: "ಇದರಲ್ಲಿ ಬೆಸ್ಟ್ ಯಾವ್ದು? ನಾನೂ ಒಂದು ಜೋಡಿಸ್ಬೇಕು". ಕುಡತಿನಿಯಿಂದ ಚಿಕ್ಕಪ್ಪನ ಮಗ ಕೂಡ ಫೋನ್ ಮಾಡಿ, "ಅಣ್ಣಾ, ಎಲ್ಲಕ್ಕಿಂತ ದೊಡ್ಡದು ಯಾವ್ದೋ ಅದನ್ನೇ ಹೇಳು" ಅಂದ. ಒಂದು ಸಾಲಿನ ಉತ್ತರ ಕೊಡಬಹುದು. ಆದರೆ ಈ ಕಿಟ್‌ಗಳು ಹೇಗೆ ಹುಟ್ಟಿದವು ಅಂತ ಗೊತ್ತಾದರೆ ಯಾವುದನ್ನು ಕೊಳ್ಳಬೇಕು ಅನ್ನೋದು ತಾನಾಗಿಯೇ ಗೊತ್ತಾಗುತ್ತೆ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :)

ಜೋಡಿಸುವ ಆಟಿಕೆ ನಮಗೇನೂ ಹೊಸದಲ್ಲ. ನಮ್ಮ ಕಡೆ ಹುಡುಗರು ಜೋಳದ ದಂಟಿನಿಂದ ಬಂಡಿ ಮಾಡ್ತಿದ್ದರಲ್ಲ, ಅದನ್ನು ನೆನಪಿಸಿಕೊಳ್ಳಿ. ದಂಟಿನ ಸಿಪ್ಪೆ ಸುಲಿದರೆ ಒಳಗೆ ಮೆತ್ತನೆಯ ಬೆಂಡು. ಸುಲಿದ ಸಿಪ್ಪೆಯನ್ನೇ ಸೀಳಿ, ಮೊಳೆಯ ಹಾಗೆ ಬೆಂಡಿಗೆ ಚುಚ್ಚಿ, ತುಂಡಿಗೆ ತುಂಡು ಸೇರಿಸಿದರೆ ಬಂಡಿ ಸಿದ್ಧ. ಗೋಂದು ಬೇಡ, ಮೊಳೆ ಬೇಡ. ಮಣ್ಣೆತ್ತಿನ ಅಮಾವಾಸ್ಯೆಗೆ ಹಸಿ ಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸೋದಂತೂ ಇದ್ದೇ ಇದೆ. ಕುಡತಿನಿಯ ಬೂದಿದಿಬ್ಬ ನೋಡಿದವರಿಗೆ ಗೊತ್ತು, ನವಶಿಲಾಯುಗದ ದನಗಾಹಿಗಳು ರಾಶಿ ರಾಶಿ ಸಗಣಿ ಸುಟ್ಟು ಬೆಳೆದ ದಿಬ್ಬ ಅದು. ಆ ಕಾಲದ ಜನ ಸುಟ್ಟ ಮಣ್ಣಿನ ಪುಟ್ಟ ಗೂಳಿಗಳನ್ನೂ ಮಾಡ್ತಿದ್ದರು, ಈ ಸೀಮೆಯ ಉತ್ಖನನಗಳಲ್ಲಿ ಅಂಥವು ಸಿಕ್ಕಿವೆ. (ಈಗ ಊರಿನಲ್ಲಿ ಬೂದಿ ಅಂದರೆ ಎಲ್ಲರಿಗೂ ಮೊದಲು ನೆನಪಾಗೋದು ಥರ್ಮಲ್ ಸ್ಟೇಷನ್ನು, ಅದು ಬೇರೆ ಮಾತು.)

ಇರಲಿ, ಜಪಾನಿಗೆ ಹೋಗೋಣ. ರೋಬೋ ಕಿಟ್‌ನ ತವರು ಟೋಕಿಯೋ ಅಲ್ಲ, ಶಿಜುಒಕಾ ಅನ್ನೋ ಊರು. ಅಲ್ಲಿಗೇ ಯಾಕೆ? ಶೋಗನ್‌ಗಳ ಕಾಲದಲ್ಲಿ ಅಲ್ಲಿನ ದೊಡ್ಡ ದೇಗುಲಗಳನ್ನು ಕಟ್ಟಲು ಬೇರೆ ಬೇರೆ ಕಡೆಯಿಂದ ಬಡಗಿಗಳು, ಅರಗಿನ ಕೆಲಸದವರು ಬಂದರಂತೆ. ಕೆಲಸ ಮುಗಿದ ಮೇಲೂ ಅವರಲ್ಲಿ ಅನೇಕರು ಅಲ್ಲೇ ಉಳಿದರು, ಮರಗೆಲಸ ಊರಿನ ಕಸುಬಾಯಿತು. 20ನೇ ಶತಮಾನಕ್ಕೆ ಬಂದರೆ ಅದೇ ಊರಲ್ಲಿ ಮಕ್ಕಳಿಗಾಗಿ ಮರದ ವಿಮಾನ, ಹಡಗುಗಳ ಮಾದರಿಗಳು ತಯಾರಾಗುತ್ತಿದ್ದವು. ಇವತ್ತು ಮಾಡೆಲ್ ಪ್ರಿಯರೆಲ್ಲ ಹೆಸರು ಹೇಳುವ ತಮಿಯಾ ಕಂಪನಿ 1946ರಲ್ಲಿ ಶುರುವಾಗಿದ್ದು ಮರದ ವ್ಯಾಪಾರವಾಗಿ! 1950ರ ದಶಕದ ಕೊನೆಗೆ ವಿದೇಶದ ಪ್ಲಾಸ್ಟಿಕ್ ಕಿಟ್‌ಗಳು ಬಂದು ಮರದವು ಮೂಲೆಗೆ ಬಿದ್ದವು. 1960ರಲ್ಲಿ ತಮಿಯಾ ತನ್ನ ಮೊದಲ ಪ್ಲಾಸ್ಟಿಕ್ ಕಿಟ್ ತಂದಿತು, ಯಮಾತೊ ಯುದ್ಧನೌಕೆಯದ್ದು. 1969ರಲ್ಲಿ ಬಂದಾಯ್ ಅನ್ನೋ ಆಟಿಕೆ ಕಂಪನಿ ಅದೇ ಸೀಮೆಯ ಶಿಮಿಜುನಲ್ಲಿದ್ದ ಇಮಾಯ್ ಕಂಪನಿಯ ಕಾರ್ಖಾನೆ, ಅಚ್ಚುಗಳನ್ನು ಕೊಂಡಿತು. (ನಮ್ಮ ಬಂಡಾಯ ಸಾಹಿತ್ಯಕ್ಕೂ ಈ ಬಂದಾಯ್‌ಗೂ ಸಂಬಂಧವಿಲ್ಲ.)

1979ರ ಏಪ್ರಿಲ್‌ನಲ್ಲಿ ಟಿವಿಯಲ್ಲಿ 'ಮೊಬೈಲ್ ಸೂಟ್ ಗುಂಡಮ್' ಶುರುವಾಯಿತು. ನಿರ್ದೇಶಕ ಯೊಶಿಯುಕಿ ತೊಮಿನೊ, ಯಂತ್ರಗಳ ವಿನ್ಯಾಸ ಕುನಿಯೊ ಒಕಾವರಾ ಅವರದು. ನೋಡುಗರು ಕಡಿಮೆ, ಪ್ರಾಯೋಜಕರ ಆಟಿಕೆಯೂ ನಿರೀಕ್ಷೆಯಷ್ಟು ಓಡಲಿಲ್ಲ. 52 ಕಂತಿನ ಕತೆಯನ್ನು 43ಕ್ಕೆ ಕತ್ತರಿಸಿ 1980ರ ಜನವರಿಯಲ್ಲಿ ಮುಗಿಸಿಬಿಟ್ಟರು. ಅಲ್ಲಿಗೆ ಕತೆ ಮುಗೀಬೇಕಿತ್ತು. ಆದರೆ ಅದೇ ಜುಲೈನಲ್ಲಿ ಬಂದಾಯ್ 300 ಯೆನ್‌ಗೆ ಗುಂಡಮ್ ಕಿಟ್ ಬಿಟ್ಟಿತು, 1/144 ಅಳತೆಯದ್ದು. ಕತೆಯ ರೋಬೋ 18 ಮೀಟರ್ ಎತ್ತರ, ಕಿಟ್ ಹನ್ನೆರಡೂವರೆ ಸೆಂಟಿಮೀಟರ್. ಹುಡುಗರ ಪಾಕೆಟ್ ಮನಿಗೆ ಎಟುಕುವ ಬೆಲೆ. ಮರುಪ್ರಸಾರ, ಸಿನಿಮಾಗಳ ಜೊತೆ ಕಿಟ್‌ನ ಹುಚ್ಚೂ ಏರಿ, 1982ರ ಜನವರಿಯಲ್ಲಿ ಚಿಬಾದ ಅಂಗಡಿಯೊಂದರಲ್ಲಿ ಕಿಟ್‌ಗಾಗಿ ನುಗ್ಗಿದ ಮಕ್ಕಳು ಎಸ್ಕಲೇಟರ್ ಮೇಲೆ ಬಿದ್ದು ಗಾಯಗೊಂಡರು. ಸತ್ತುಹೋಗಿದ್ದ ಧಾರಾವಾಹಿಯನ್ನು ಆಟಿಕೆ ಬದುಕಿಸಿದ್ದು ನನಗಂತೂ ಬೇರೆಲ್ಲೂ ಇಷ್ಟು ಚೆನ್ನಾಗಿ ಕಾಣಲಿಲ್ಲ.

ಆ ಮೊದಲ ಕಿಟ್ ಹೇಗಿತ್ತು ಅಂದರೆ, ಭಾಗಗಳನ್ನು ಗೋಂದು ಹಾಕಿ ಅಂಟಿಸಬೇಕು, ಬಣ್ಣ ನಾವೇ ಹಚ್ಚಬೇಕು, ಮೊಣಕಾಲು ಅಷ್ಟಾಗಿ ಮಡಚೋದಿಲ್ಲ. ಅಲ್ಲಿಂದ ಮುಂದಿನ ಇತಿಹಾಸವೆಲ್ಲ ನಮ್ಮ ಕೈಯ ಕೆಲಸವನ್ನು ಕಾರ್ಖಾನೆಗೆ ಸಾಗಿಸಿದ ಇತಿಹಾಸ. 1980ರ ದಶಕದ ಕೊನೆಯ ಹೊತ್ತಿಗೆ ಗೋಂದು ಹೋಯಿತು, ಭಾಗಗಳನ್ನು ಒತ್ತಿದರೆ ಕೂಡಿಕೊಳ್ಳುವ ಹಾಗಾಯಿತು (ಜೋಳದ ದಂಟಿನ ಬಂಡಿಯಲ್ಲಿ ಮೊದಲೇ ಇದ್ದದ್ದು!). 1990ರಲ್ಲಿ ಹೈ ಗ್ರೇಡ್ ಅಂದರೆ ಎಚ್‌ಜಿ ಬಂತು, ಒಂದೇ ಚೌಕಟ್ಟಿನಲ್ಲಿ ಹಲವು ಬಣ್ಣದ ಪ್ಲಾಸ್ಟಿಕ್ ಎರಕ ಹೊಯ್ಯುವ ಯಂತ್ರದಿಂದ ಬಣ್ಣ ಹಚ್ಚುವ ಕೆಲಸವೂ ಬಹಳಷ್ಟು ಕಡಿಮೆಯಾಯಿತು. 1995ರ ಮಾಸ್ಟರ್ ಗ್ರೇಡ್, 1/100 ಅಳತೆ: ಒಳಗೆ ಅಸ್ಥಿಪಂಜರ, ಮೇಲೆ ಕವಚ. 1998ರ ಪರ್ಫೆಕ್ಟ್ ಗ್ರೇಡ್ 1/60. 2010ರ ರಿಯಲ್ ಗ್ರೇಡ್ ಮತ್ತೆ 1/144ಕ್ಕೇ ಬಂದು ಆ ಅಸ್ಥಿಪಂಜರವನ್ನು ಸಣ್ಣ ದೇಹದೊಳಗೆ ತುರುಕಿತು. 2020ರ ಎಂಟ್ರಿ ಗ್ರೇಡ್‌ಗೆ ಕಟಿಂಗ್ ಪ್ಲೇಯರ್ ಕೂಡ ಬೇಡ, ಕೈಯಲ್ಲೇ ಕಿತ್ತು ಜೋಡಿಸಬಹುದು.

ಹಾಗಾಗಿ 'ಬೆಸ್ಟ್ ಯಾವ್ದು' ಅನ್ನೋದಕ್ಕಿಂತ 'ನನ್ನ ಕೈಗೆ ಎಷ್ಟು ಕೆಲಸ ಉಳೀಬೇಕು' ಅಂತ ಕೇಳಿಕೊಳ್ಳಿ. ಭಾನುವಾರದ ಒಂದು ಮಧ್ಯಾಹ್ನಕ್ಕಾದರೆ ಈಚಿನ ಎಚ್‌ಜಿ, ಚಿಕ್ಕಪ್ಪನ ಮಗನಿಗೂ ಅದನ್ನೇ ಹೇಳಿದೆ. ಯಂತ್ರದ ಒಳಗು ನೋಡುವ ಆಸೆ ಇದ್ದರೆ ಮಾಸ್ಟರ್ ಗ್ರೇಡ್. ರಿಯಲ್ ಗ್ರೇಡ್ ನೋಡೋಕೆ ಚೆಂದ, ಆದರೆ ಅಕ್ಕಿಕಾಳಿನಷ್ಟು ಭಾಗಗಳು, ಮೊದಲ ಕಿಟ್ ಆಗಿ ಬೇಡವೇ ಬೇಡ. ಪರ್ಫೆಕ್ಟ್ ಗ್ರೇಡ್ ಕೊಂಡು ಡಬ್ಬಿಯಲ್ಲೇ ಇಟ್ಟುಕೊಂಡವರೇ ನನಗೆ ಹೆಚ್ಚು ಗೊತ್ತು. ಇನ್ನು ಅದೇ ಎಚ್‌ಜಿ ಹೆಸರಲ್ಲಿ 1990ರ ದಶಕದ ಕಿಟ್ಟೂ ಸಿಗುತ್ತೆ, ನಿನ್ನೆ ಮೊನ್ನೆಯದೂ ಸಿಗುತ್ತೆ, ಎರಡಕ್ಕೂ ಅಜಗಜಾಂತರ. ಗ್ರೇಡ್ ನೋಡುವ ಮೊದಲು ಕಿಟ್ ಮೊದಲು ಬಂದ ವರ್ಷ ನೋಡಿ.

ಬೆಲೆಯ ವಿಷಯ. ನಮ್ಮಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಹೀಗಾಗಿ ನಕಲಿ ಕಿಟ್‌ಗಳ ಆಸೆ ಸಹಜ. ಆದರೆ ಗೋಂದಿಲ್ಲದೆ ಕೂಡುವ ಕಿಟ್‌ನ ಜೀವ ಇರೋದು ಅಚ್ಚಿನ ಅಳತೆಯಲ್ಲಿ. ಪಾಲಿಸ್ಟೈರೀನ್ ಆರುವಾಗ ಸುಮಾರು ಶೇ. ಅರ್ಧದಷ್ಟು ಕುಗ್ಗುತ್ತೆ. ಆ ಲೆಕ್ಕ ಸ್ವಲ್ಪ ತಪ್ಪಿದರೂ ಒಂದು ಕೈ ಸಡಿಲ, ಇನ್ನೊಂದು ಬಿಗಿಯಾಗಿ ಮುರಿಯುತ್ತೆ.

ಇಷ್ಟೆಲ್ಲ ಓದುವಾಗ ನನ್ನ ತಲೆಯಲ್ಲಿ ಕೊರೆದದ್ದು ಬೇರೆ. ಕುಡತಿನಿಯಿಂದ ಹೊಸಪೇಟೆ ದಾಟಿ ಕೊಪ್ಪಳಕ್ಕೆ ಹೋದರೆ ಹತ್ತಿರದಲ್ಲೇ ಕಿನ್ನಾಳ. ಅಲ್ಲಿನ ಚಿತ್ರಗಾರರ ಕತೆಯೂ ಶಿಜುಒಕಾದಂತೆಯೇ ಶುರುವಾಗುತ್ತೆ. ವಿಜಯನಗರದ ಆಶ್ರಯದಲ್ಲಿದ್ದವರು ಅವರ ಪೂರ್ವಜರು, ಹಂಪಿ ವಿರೂಪಾಕ್ಷ ಗುಡಿಯ ಚಿತ್ರಗಳು ಅವರ ಕೈಯವೇ ಅನ್ನುವ ಮಾತಿದೆ. ಕಿನ್ನಾಳದ ಗರುಡನೂ ಒಂದು ರೀತಿ ಕಿಟ್ಟೇ: ಹಗುರ ಮರದಲ್ಲಿ ಭಾಗಗಳನ್ನು ಬಿಡಿಬಿಡಿಯಾಗಿ ಕೆತ್ತಿ ಹುಣಸೆ ಬೀಜದ ಸರಿಯಿಂದ ಅಂಟಿಸುತ್ತಾರೆ. ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿ ಚಿಂದಿ, ಮರದ ಹೊಟ್ಟು, ಅದೇ ಸರಿ ಕಲಸಿದರೆ 'ಕಿಟ್ಟ' (ಹೆಸರು ನೋಡಿ!), ಅದರಿಂದ ಸಂದು ಮುಚ್ಚುತ್ತಾರೆ. ಮೇಲೆ ಬಟ್ಟೆ ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಕೊಳ್ಳುವವನ ಕೈಗೆ ಏನೂ ಕೆಲಸ ಉಳಿಯೋದಿಲ್ಲ.

ಹಾಗಾದರೆ ಕಿನ್ನಾಳ ಯಾಕೆ ಶಿಜುಒಕಾ ಆಗಲಿಲ್ಲ? 'ನಮ್ಮವರು ಬದಲಾಗಲಿಲ್ಲ' ಅನ್ನೋ ಸುಲಭದ ಮಾತು ನಾನು ಒಪ್ಪೋದಿಲ್ಲ. ಪ್ಲಾಸ್ಟಿಕ್ ಬಂದಾಗ ಶಿಜುಒಕಾದ ಮರದವರ ಬಳಿ ಕಾರ್ಖಾನೆ, ಸಗಟು ವ್ಯಾಪಾರಿ, ಅಂಗಡಿ ಎಲ್ಲ ಮೊದಲೇ ಇತ್ತು, ಬದಲಾಗಬೇಕಿದ್ದದ್ದು ಮುಖ್ಯವಾಗಿ ವಸ್ತು ಒಂದೇ. ಅದೂ ಸುಲಭವಾಗಿರಲಿಲ್ಲ, ಉಕ್ಕಿನ ಅಚ್ಚಿಗೆ ಹಾಕುವ ಹಣ ಸಣ್ಣದಲ್ಲ. ಕಿನ್ನಾಳದಲ್ಲಿ ಕೆತ್ತನೆಯಿಂದ ಬಣ್ಣದವರೆಗೆ ಎಲ್ಲ ಮನೆಯೊಳಗೇ. ವಿಜಯನಗರ 1565ರಲ್ಲಿ ಬಿದ್ದ ಮೇಲೆ ಆ ಅರಮನೆಯ ಆಶ್ರಯವೂ ಹೋಯಿತು. ಮನೆಯೊಂದು ಅಚ್ಚಿಗೆ ಹಣ ತರೋದು ಎಲ್ಲಿಂದ?

ಪ್ಲಾಸ್ಟಿಕ್ ಕೊನೆಗೂ ಕೊಪ್ಪಳ ಜಿಲ್ಲೆಗೆ ಬಂತು, ಆದರೆ ಚಿತ್ರಗಾರರ ಮನೆಗಲ್ಲ. ಭಾನಾಪುರದಲ್ಲಿ 400 ಎಕರೆಯ ಏಕಸ್ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. ಅಲ್ಲಿ ಅಚ್ಚು ಇದೆ, ಕಿನ್ನಾಳದಲ್ಲಿ ಕೈ ಇದೆ, ನಡುವೆ ಇರೋದು ಕೆಲವೇ ಮೈಲಿ. ಮುಂದಿನ ಸಲ ಊರಿಗೆ ಹೋದಾಗ ಕಿನ್ನಾಳದ ಯಾರಾದರೂ ಹಿರಿಯರ ಮನೆಗೆ ಹೋಗಿ ಕೇಳಬೇಕು ಅಂತಿದ್ದೀನಿ: ಗರುಡನನ್ನು ಅಂಟಿಸದೆ, ಬಣ್ಣ ಹಚ್ಚದೆ, ಬಿಡಿ ಭಾಗಗಳಾಗೇ ಕೊಡ್ತೀರಾ, ಜೊತೆಗೆ ಒಂದು ಡಬ್ಬಿ ಹುಣಸೆ ಸರಿ?